ನಾಯಿಯ ಹುಟ್ಟೂರಿನ ವ್ಯಾಜ್ಯ

ಕುರಿ, ಮೇಕೆಗಳು ಎಲ್ಲಿ, ಯಾವಾಗ ಮನುಷ್ಯನ ಹಟ್ಟಿಗೆ ಬಂದವು ಎಂದು ಕೇಳಿದರೆ ಪುರಾತತ್ವಜ್ಞರು ತಡವರಿಸುವುದಿಲ್ಲ. ನೈಋತ್ಯ ಏಷ್ಯಾದಲ್ಲಿ, ಸುಮಾರು ಹತ್ತು ಹನ್ನೊಂದು ಸಾವಿರ ವರ್ಷಗಳ ಹಿಂದೆ, ಬೇಸಾಯ ಬೇರೂರುತ್ತಿದ್ದ ಕಾಲದಲ್ಲಿ ಎನ್ನುತ್ತಾರೆ. ಹಿಣಿಲಿರುವ ನಮ್ಮ ದನಗಳು ಸಿಂಧೂ ಬಯಲಿನ ಆಸುಪಾಸಿನಲ್ಲಿ ಪಳಗಿದವು ಎಂಬುದರಲ್ಲೂ ಬಹುಮಟ್ಟಿನ ಒಮ್ಮತವಿದೆ. ನಾಯಿಯ ಮಾತು ಬಂದರೆ ಮಾತ್ರ ಈ ಖಚಿತತೆ ಮಾಯವಾಗುತ್ತದೆ. 2002ರ ಒಂದು ಅಧ್ಯಯನ ನಾಯಿಯ ತವರು ಪೂರ್ವ ಏಷ್ಯಾ ಎಂದಿತು. 2010ರದು ಮಧ್ಯಪ್ರಾಚ್ಯದ ಕಡೆ ಬೆರಳು ತೋರಿಸಿತು. 2013ರಲ್ಲಿ ಯುರೋಪಿನ ಸರದಿ, 2015ರಲ್ಲಿ ಮಧ್ಯ ಏಷ್ಯಾದ್ದು. 2016ರಲ್ಲಿ ಒಂದಲ್ಲ, ಎರಡು ತವರುಗಳೆಂಬ ವಾದ ಬಂತು. 2021ರಲ್ಲಿ ಸೈಬೀರಿಯಾ ಕಣಕ್ಕಿಳಿಯಿತು. ಕಾಲದ ಲೆಕ್ಕವೂ ಹೀಗೆಯೇ ಒಂದು ಲಕ್ಷದ ಮೂವತ್ತೈದು ಸಾವಿರ ವರ್ಷಗಳಿಂದ ಹನ್ನೊಂದು ಸಾವಿರದವರೆಗೆ ಹರಡಿಕೊಂಡಿದೆ. ಹೊರಗಿನಿಂದ ನೋಡಿದವರಿಗೆ ವಿಜ್ಞಾನಿಗಳಿಗೆ ಏನೂ ಗೊತ್ತಿಲ್ಲವೆಂದೇ ಅನ್ನಿಸಬಹುದು. ಆದರೆ ಈ ಜಗಳದ ಬಹುಪಾಲು ಹುಟ್ಟಿರುವುದು ಸಾಕ್ಷ್ಯದ ಕೊರತೆಯಿಂದಲ್ಲ, ಮೂರು ಬೇರೆ ಬೇರೆ ಘಟನೆಗಳನ್ನು ಒಂದೇ ಎಂದು ಭಾವಿಸಿದ್ದರಿಂದ. ನಾಯಿಯ ವಂಶ ತೋಳದ ವಂಶದಿಂದ ಕವಲೊಡೆದದ್ದು ಒಂದು ಘಟನೆ. ಆ ಪ್ರಾಣಿ ಮನುಷ್ಯನ ಜೊತೆ ಬಾಳತೊಡಗಿದ್ದು ಇನ್ನೊಂದು. ಅದರ ಮೈಕಟ್ಟು, ತಲೆಬುರುಡೆ ನಾಯಿಯದೆಂದು ಗುರುತಿಸುವಷ್ಟು ಬದಲಾದದ್ದು ಮೂರನೆಯದು. ಡಿಎನ್‌ಎ ಮೊದಲನೆಯದನ್ನು ಅಳೆಯುತ್ತದೆ, ಸಮಾಧಿಗಳು ಎರಡನೆಯದನ್ನು, ಮೂಳೆಗಳು ಮೂರನೆಯದನ್ನು. ಇವುಗಳ ನಡುವೆ ಸಾವಿರಾರು ವರ್ಷಗಳ ಅಂತರವಿರಬಹುದು ಎಂದು ಒಪ್ಪಿಕೊಂಡರೆ, ಪರಸ್ಪರ ವಿರುದ್ಧವೆಂದು ಕಾಣುವ ಸಾಕ್ಷ್ಯಗಳಲ್ಲಿ ಹಲವು ಒಂದೇ ಕಥೆಯ ಬೇರೆ ಬೇರೆ ಭಾಗಗಳಾಗುತ್ತವೆ.

ಇತ್ಯರ್ಥವಾಗಿರುವುದನ್ನು ಮೊದಲು ಹೇಳಿಬಿಡಬೇಕು. ನಾಯಿಗಳ ಅಪಾರ ವೈವಿಧ್ಯವನ್ನು ಕಂಡ ಚಾರ್ಲ್ಸ್ ಡಾರ್ವಿನ್, ಅವು ಒಂದಕ್ಕಿಂತ ಹೆಚ್ಚು ಕಾಡುಪ್ರಾಣಿಗಳಿಂದ ಬಂದಿರಬೇಕು ಎಂದು 1868ರಲ್ಲಿ ಬರೆದಿದ್ದರು. ಪ್ರಾಣಿವರ್ತನೆಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಕಾನ್ರಾಡ್ ಲೊರೆಂಝ್ ಹಲವು ತಳಿಗಳ ಮೂಲ ನರಿಯೆಂದು ನಂಬಿದ್ದು, ಆಮೇಲೆ ಆ ಮಾತನ್ನು ಹಿಂತೆಗೆದುಕೊಂಡರು. ಕ್ಯಾಲಿಫೋರ್ನಿಯಾದ ರಾಬರ್ಟ್ ವೇಯ್ನ್ ಮತ್ತು ಸಂಗಡಿಗರು 1997ರಲ್ಲಿ ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಹೋಲಿಸಿ, ಮೂಲ ಬೂದು ತೋಳವೇ ಎಂದು ತೋರಿಸಿದ ಮೇಲೆ ಆ ಪ್ರಶ್ನೆ ಮುಗಿಯಿತು. ಮುಂದೆ ಓದಲಾದ ಪೂರ್ಣ ಜೀನೋಮ್‌ಗಳೂ ಇದನ್ನೇ ಹೇಳಿದವು. ಆದರೆ ಯಾವ ತೋಳ? 2014ರಲ್ಲಿ ಕ್ರೊಯೇಷಿಯಾ, ಇಸ್ರೇಲ್ ಮತ್ತು ಚೀನಾದ ತೋಳಗಳ ಜೀನೋಮ್‌ಗಳನ್ನು ಬಸೆಂಜಿ ಹಾಗೂ ಡಿಂಗೊ ನಾಯಿಗಳದರೊಂದಿಗೆ ಹೋಲಿಸಿದಾಗ, ಈ ಮೂರರಲ್ಲಿ ಯಾವುದಾದರೂ ಒಂದು ನಾಯಿಗೆ ಹೆಚ್ಚು ಹತ್ತಿರವಿದ್ದೀತು, ಆ ಪ್ರದೇಶವೇ ತವರಾದೀತು ಎಂಬ ನಿರೀಕ್ಷೆಯಿತ್ತು. ಅದು ಸುಳ್ಳಾಯಿತು. ಮೂರೂ ತೋಳಗಳು ತಮ್ಮತಮ್ಮೊಳಗೇ ಹೆಚ್ಚು ಹತ್ತಿರದವು, ನಾಯಿಗಳು ತಮ್ಮೊಳಗೇ ಒಂದು ಗುಂಪು. ಅಂದರೆ ಇಂದಿನ ತೋಳ ನಾಯಿಯ ಅಜ್ಜನಲ್ಲ, ದಾಯಾದಿ. ಇಬ್ಬರಿಗೂ ಮೂಲವಾದ ಹಿಮಯುಗದ ತೋಳದ ಕುಲ ಅಳಿದುಹೋಗಿದೆ. ಇಂದು ಬದುಕಿರುವ ಯಾವುದೋ ತೋಳದ ನೆಲೆಯನ್ನು ನಕ್ಷೆಯಲ್ಲಿ ಗುರುತಿಸಿ ‘ಇಲ್ಲೇ’ ಎನ್ನುವ ದಾರಿ ಈ ಒಂದು ಸಂಗತಿಯಿಂದ ಮುಚ್ಚಿಹೋಯಿತು.

ಬದುಕಿರುವ ನಾಯಿಗಳಿಂದ ತವರನ್ನು ಹುಡುಕುವ ಪ್ರಯತ್ನಗಳು ಏಕೆ ಒಂದೊಂದು ದಿಕ್ಕಿಗೆ ಹೋದವು ಎಂಬುದೂ ಇದರ ಜೊತೆಗೇ ಅರ್ಥವಾಗುತ್ತದೆ. ಆ ಅಧ್ಯಯನಗಳ ತರ್ಕ ಸರಳವಾಗಿತ್ತು: ಒಂದು ಜೀವಿ ಎಲ್ಲಿ ಬಹುಕಾಲ ಬಾಳಿದೆಯೋ ಅಲ್ಲಿ ಅದರ ಆನುವಂಶಿಕ ವೈವಿಧ್ಯ ಹೆಚ್ಚು. ಮನುಷ್ಯನ ಮೂಲ ಆಫ್ರಿಕಾದಲ್ಲಿ ಎಂದು ತೋರಿಸಲು ನೆರವಾದ ತರ್ಕವೇ ಇದು. ಸ್ವೀಡನ್ನಿನ ಪೀಟರ್ ಸವೊಲೈನೆನ್ 654 ನಾಯಿಗಳ ಮೈಟೊಕಾಂಡ್ರಿಯವನ್ನು ಪರೀಕ್ಷಿಸಿ ಪೂರ್ವ ಏಷ್ಯಾದಲ್ಲಿ ಹೆಚ್ಚಿನ ವೈವಿಧ್ಯವನ್ನು ಕಂಡರು. ಆದರೆ 2009ರಲ್ಲಿ ಆಫ್ರಿಕಾದ ಹಳ್ಳಿನಾಯಿಗಳನ್ನು ಪರೀಕ್ಷಿಸಿದವರಿಗೆ ಅಲ್ಲೂ ಹೆಚ್ಚುಕಡಿಮೆ ಅಷ್ಟೇ ವೈವಿಧ್ಯ ಸಿಕ್ಕಿತು. ಆಫ್ರಿಕಾದಲ್ಲಿ ನಾಯಿ ಹುಟ್ಟಿತೆಂದು ಯಾರೂ ಹೇಳುವುದಿಲ್ಲವಾದ್ದರಿಂದ, ಅಳತೆಗೋಲಿನಲ್ಲೇ ಏನೋ ಐಬಿದೆ ಎಂದಾಯಿತು. 2010ರಲ್ಲಿ ಸುಮಾರು 48 ಸಾವಿರ ಜೀನ್ ಗುರುತುಗಳನ್ನು ನೋಡಿದವರು ನಾಯಿಗಳಿಗೂ ಮಧ್ಯಪ್ರಾಚ್ಯದ ತೋಳಗಳಿಗೂ ಹೆಚ್ಚಿನ ಹೋಲಿಕೆ ಕಂಡರು. ಆದರೆ ನಾಯಿ ಮತ್ತು ತೋಳ ಸಿಕ್ಕಲ್ಲೆಲ್ಲ ಬೆರೆಯುತ್ತವೆ. ಇತ್ತೀಚಿನ ಬೆರಕೆಯೂ ಪುರಾತನ ನಂಟಿನಂತೆಯೇ ತೋರಬಲ್ಲದು. ನಾಯಿಗಳು ಇದ್ದಲ್ಲೇ ಇರುವ ಪ್ರಾಣಿಗಳೂ ಅಲ್ಲ. ಮನುಷ್ಯ ಹೋದಲ್ಲೆಲ್ಲ ಹೋದವು, ಹೊಸ ನಾಯಿಗಳು ಬಂದಾಗ ಹಳೆಯವು ಅಳಿದವು. ಯುರೋಪಿಯನ್ನರು ಕಾಲಿಡುವ ಮುನ್ನ ಅಮೆರಿಕ ಖಂಡಗಳಲ್ಲಿ ಸಾವಿರಾರು ವರ್ಷ ಬಾಳಿದ್ದ ನಾಯಿಗಳ ವಂಶ ಇಂದು ಹೆಚ್ಚುಕಡಿಮೆ ನಿರ್ನಾಮವಾಗಿದೆ. ಅದಕ್ಕೆ ಅತ್ಯಂತ ಹತ್ತಿರದ ಜೀನೋಮ್ ಉಳಿದಿರುವುದು ನಾಯಿಯಿಂದ ನಾಯಿಗೆ ಹರಡುವ ಒಂದು ಬಗೆಯ ಕ್ಯಾನ್ಸರ್ ಗಡ್ಡೆಯಲ್ಲಿ ಎಂದು 2018ರಲ್ಲಿ ಗೊತ್ತಾಯಿತು. ಇಡೀ ಎರಡು ಖಂಡಗಳ ನಾಯಿಚರಿತ್ರೆ ಹೀಗೆ ಅಳಿಸಿಹೋಗಿರುವಾಗ, ಇಂದಿನ ನಾಯಿಗಳ ಹಂಚಿಕೆಯನ್ನು ನೋಡಿ ಇಪ್ಪತ್ತು ಸಾವಿರ ವರ್ಷ ಹಿಂದಿನದನ್ನು ಊಹಿಸುವುದು ದುಡುಕಾಗುತ್ತದೆ. ಆ ಅಧ್ಯಯನಗಳು ಒಂದಕ್ಕೊಂದು ವಿರುದ್ಧವಾಗಿದ್ದುದು ನಾಯಿಯ ಮೂಲದ ಬಗ್ಗೆ ಹೇಳಿದ್ದಕ್ಕಿಂತ ಆ ವಿಧಾನದ ಮಿತಿಯ ಬಗ್ಗೆ ಹೇಳಿದ್ದೇ ಹೆಚ್ಚು.

ಆಮೇಲೆ ಪಳೆಯುಳಿಕೆಗಳ ಡಿಎನ್‌ಎ ಓದುವ ತಂತ್ರ ಬಂತು. ಲೆಕ್ಕಾಚಾರ ಊಹೆಯಿಂದ ಸಾಕ್ಷ್ಯದತ್ತ ತಿರುಗಿತು. ವಂಶಗಳು ಯಾವಾಗ ಕವಲೊಡೆದವು ಎಂದು ತಿಳಿಯಲು ಡಿಎನ್‌ಎಯಲ್ಲಿ ಎಷ್ಟು ವರ್ಷಕ್ಕೆ ಎಷ್ಟು ಬದಲಾವಣೆ ಆಗುತ್ತದೆ ಎಂಬ ವೇಗ ಗೊತ್ತಿರಬೇಕು. ಆ ವೇಗವನ್ನು ಹಿಂದೆ ಅಂದಾಜಿನಿಂದ ಇಟ್ಟುಕೊಳ್ಳುತ್ತಿದ್ದರು. ಸೈಬೀರಿಯಾದ ತೈಮಿರ್ ಪರ್ಯಾಯ ದ್ವೀಪದಲ್ಲಿ ಸಿಕ್ಕ ಸುಮಾರು 35 ಸಾವಿರ ವರ್ಷ ಹಳೆಯ ತೋಳದ ಪಕ್ಕೆಲುಬಿನ ಜೀನೋಮನ್ನು 2015ರಲ್ಲಿ ಓದಿದಾಗ, ಆ ಮೂಳೆಯ ವಯಸ್ಸು ರೇಡಿಯೊ ಕಾರ್ಬನ್ನಿನಿಂದ ಗೊತ್ತಿದ್ದುದರಿಂದ ವೇಗವನ್ನು ಅಳೆಯಲು ಸಾಧ್ಯವಾಯಿತು. ಅದು ಅಂದುಕೊಂಡಿದ್ದಕ್ಕಿಂತ ಬಹಳ ನಿಧಾನ ಎಂದು ತಿಳಿಯಿತು. ಕವಲೊಡೆದ ಕಾಲ 27ರಿಂದ 40 ಸಾವಿರ ವರ್ಷಗಳ ಹಿಂದಕ್ಕೆ ಸರಿಯಿತು. ಇದನ್ನೇ ‘ನಾಯಿ ಪಳಗಿದ ಕಾಲ’ ಎಂದು ಹಲವರು ಬರೆದರು. ಮೇಲೆ ಹೇಳಿದ ಗೊಂದಲ ಇಲ್ಲೇ ಇದೆ. ತೋಳಗಳ ಎರಡು ಗುಂಪುಗಳು ಬೇರೆಯಾಗಲು ಮನುಷ್ಯನೇ ಬೇಕೆಂದಿಲ್ಲ. ಹಿಮನದಿ ಅಡ್ಡ ಬಂದರೆ ಸಾಕು, ಬೇಟೆಯ ಪ್ರಾಣಿಗಳ ಹಾದಿ ಬದಲಾದರೂ ಸಾಕು. ಆದ್ದರಿಂದ ಕವಲಿನ ಕಾಲ ಒಂದು ಮೇಲ್ಮಿತಿ ಮಾತ್ರ. ನಾಯಿ ಅದಕ್ಕಿಂತ ಹಿಂದಿನದಿರುವ ಸಂಭವ ಕಡಿಮೆ, ಈಚಿನದಿರಲು ಅಡ್ಡಿಯಿಲ್ಲ.

ಮೂಳೆಗಳ ಸಾಕ್ಷ್ಯ ಇದಕ್ಕೆ ತದ್ವಿರುದ್ಧವಾದ ಮಿತಿಯನ್ನು ಕೊಡುತ್ತದೆ. ಬೆಲ್ಜಿಯಮ್ಮಿನ ಗೊಯೆ ಗುಹೆಯ ಸುಮಾರು 36 ಸಾವಿರ ವರ್ಷ ಹಳೆಯ ತಲೆಬುರುಡೆಯ ಮೂತಿ ಗಿಡ್ಡವಾಗಿ ಅಗಲವಾಗಿದೆ, ಹಾಗಾಗಿ ಅದು ನಾಯಿಯೇ ಎಂದು ಮಿಟ್ಯೆ ಜರ್ಮೊನ್‌ಪ್ರೆ 2009ರಲ್ಲಿ ವಾದಿಸಿದರು. ಅಲ್ಟಾಯ್ ಪರ್ವತಗಳ ರಝ್‌ಬೊಯ್ನಿಚ್ಯ ಗುಹೆಯ ಸುಮಾರು 33 ಸಾವಿರ ವರ್ಷ ಹಳೆಯ ಬುರುಡೆಯ ಬಗ್ಗೆಯೂ ಇಂಥದೇ ವಾದ ಬಂತು. ಆದರೆ 2013ರಲ್ಲಿ ಗೊಯೆ ಪ್ರಾಣಿಯ ಮೈಟೊಕಾಂಡ್ರಿಯವನ್ನು ನೋಡಿದಾಗ, ಅದು ಇಂದಿನ ಯಾವ ನಾಯಿಗೂ ಪೂರ್ವಜನಲ್ಲದ, ಅಲ್ಲಿಗೇ ನಿಂತುಹೋದ ಪಕ್ಕದ ಕವಲೆಂದು ಕಂಡಿತು. 2015ರಲ್ಲಿ ಆ ಬುರುಡೆಯನ್ನು ಮೂರು ಆಯಾಮಗಳಲ್ಲಿ ಅಳೆದವರು ಅದು ತೋಳದ್ದೇ ಎಂದರು. ಸೈಬೀರಿಯಾದ ಹೆಪ್ಪುನೆಲದಲ್ಲಿ ಕೂದಲು ಸಮೇತ ಉಳಿದ ತೂಮತ್ ಮರಿಗಳನ್ನು ಮೊದಲು ನಾಯಿಮರಿಗಳಿರಬೇಕೆಂದು ಭಾವಿಸಲಾಗಿತ್ತು. ಅವೂ ತೋಳದ ಮರಿಗಳೇ ಎಂದು 2025ರ ಅಧ್ಯಯನ ಹೇಳಿತು. ಅದೇ ವರ್ಷ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದು ಐವತ್ತು ಸಾವಿರ ವರ್ಷಗಳ ಅವಧಿಯ 643 ತಲೆಬುರುಡೆಗಳನ್ನು ಅಳೆದು, ಹಿಮಯುಗದ ಯಾವ ಬುರುಡೆಯಲ್ಲೂ ನಾಯಿಯ ಆಕಾರವಿಲ್ಲ, ಅದು ಸ್ಪಷ್ಟವಾಗಿ ಕಾಣುವುದು ಸುಮಾರು ಹನ್ನೊಂದು ಸಾವಿರ ವರ್ಷಗಳ ಈಚೆಗೆ ಎಂದು ತೋರಿಸಿತು. ಹಾಗಾದರೆ ನಾಯಿ ಹನ್ನೊಂದು ಸಾವಿರ ವರ್ಷಗಳಷ್ಟೇ ಹಳೆಯದೇ? ಅಲ್ಲ. ಒಡನಾಟ ಮೊದಲು, ಅದರ ಮುದ್ರೆ ಮೂಳೆಯ ಮೇಲೆ ಬೀಳುವುದು ಆಮೇಲೆ. ತಲೆಮಾರುಗಟ್ಟಲೆ ಮನುಷ್ಯರ ನಡುವೆ ಬಾಳಿದ ಪ್ರಾಣಿಯೂ ತೋಳದ ಬುರುಡೆಯನ್ನೇ ಹೊತ್ತಿರಬಹುದು. ಗೊಯೆ ಬುರುಡೆಯ ಪರ ವಾದಿಸುವವರು ಈ ಮಾತನ್ನೇ ತಮ್ಮ ನೆರವಿಗೆ ತರಬಹುದು. ಆದರೆ ಆಕಾರವೇ ತಮ್ಮ ಸಾಕ್ಷಿಯೆಂದು ಹೊರಟವರು, ಆಕಾರ ಕೈಕೊಟ್ಟಾಗ ‘ಆಕಾರ ಮುಖ್ಯವಲ್ಲ’ ಎನ್ನುವಂತಿಲ್ಲ. ಆಗ ಬೇರೆ ಬಗೆಯ ಸಾಕ್ಷಿ ಬೇಕು, ಗೊಯೆಯಲ್ಲಿ ಅದಿಲ್ಲ.

ಆ ಬೇರೆ ಬಗೆಯ ಸಾಕ್ಷಿ ಸಿಗುವುದು ಸಮಾಧಿಗಳಲ್ಲಿ. ಜರ್ಮನಿಯ ಬಾನ್ ನಗರದ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಬ್ಬ ಗಂಡಸು, ಒಬ್ಬ ಹೆಂಗಸಿನ ಅಸ್ಥಿಪಂಜರಗಳ ಜೊತೆ ನಾಯಿಯ ಮೂಳೆಗಳೂ ಸಿಕ್ಕವು. ಕಾಲ ಸುಮಾರು 14 ಸಾವಿರ ವರ್ಷಗಳ ಹಿಂದೆ. ಡಿಎನ್‌ಎ ಅದನ್ನು ಇಂದಿನ ನಾಯಿಗಳ ವಂಶಕ್ಕೇ ಸೇರಿಸುತ್ತದೆ. ಇನ್ನೂ ದೊಡ್ಡ ಸಂಗತಿ ಹಲ್ಲುಗಳಲ್ಲಿತ್ತು. ಸುಮಾರು ಏಳು ತಿಂಗಳಲ್ಲಿ ಸತ್ತ ಆ ಮರಿ ಅದಕ್ಕೂ ಮುನ್ನ ಡಿಸ್ಟೆಂಪರ್ ಎಂಬ ಮಾರಕ ಜ್ವರದಿಂದ ವಾರಗಟ್ಟಲೆ ನರಳಿತ್ತೆಂದು 2018ರ ಅಧ್ಯಯನ ಹಲ್ಲಿನ ಎನಾಮೆಲ್‌ನ ಗೆರೆಗಳಿಂದ ಓದಿತು. ಅಂಥ ಸ್ಥಿತಿಯಲ್ಲಿ ಆಹಾರ, ನೀರು, ಬೆಚ್ಚನೆಯ ಜಾಗ ಕೊಡುವವರಿಲ್ಲದೆ ಮರಿ ಅಷ್ಟು ದಿನ ಉಳಿಯುವಂತಿರಲಿಲ್ಲ. ಸಮಾಧಿಯಲ್ಲಿ ಪ್ರಾಣಿಯನ್ನಿಟ್ಟದ್ದು ಬಲಿಯೋ ಆಚರಣೆಯೋ ಇರಬಹುದು, ಅದರಿಂದ ಒಲುಮೆ ಸಿದ್ಧವಾಗುವುದಿಲ್ಲ ಎಂಬ ಆಕ್ಷೇಪ ಸರಿಯೇ. ಇಸ್ರೇಲಿನ ಐನ್ ಮಲ್ಲಾಹದಲ್ಲಿ ಸುಮಾರು 12 ಸಾವಿರ ವರ್ಷಗಳ ಹಿಂದೆ ಮರಿಯೊಂದರ ಮೇಲೆ ಕೈಯಿಟ್ಟಂತೆ ಹೂಳಲಾದ ವ್ಯಕ್ತಿಯ ವಿಷಯದಲ್ಲಿ ಆ ಆಕ್ಷೇಪಕ್ಕೆ ಬಲವಿದೆ. ಅಲ್ಲಿ ಮರಿ ನಾಯಿಯದೋ ತೋಳದ್ದೋ ಎಂಬುದೂ ಚರ್ಚೆಯ ವಿಷಯ. ಆದರೆ ಓಬರ್‌ಕಾಸೆಲ್‌ನ ಸಾಕ್ಷ್ಯ ನಿಂತಿರುವುದು ಸತ್ತ ಮೇಲೆ ಮಾಡಿದ ವಿಧಿಯ ಮೇಲಲ್ಲ, ಬದುಕಿದ್ದಾಗ ಮಾಡಿದ ಆರೈಕೆಯ ಮೇಲೆ. ಯಾವ ಕೆಲಸಕ್ಕೂ ಬಾರದ ರೋಗಿ ಮರಿಯನ್ನು ನೋಡಿಕೊಂಡ ಜನರಿಗೆ ನಾಯಿ ಹೊಸ ಪ್ರಾಣಿಯಾಗಿರಲು ಸಾಧ್ಯವಿಲ್ಲ. ಅಲ್ಲಿಗೆ ಕಾಲದ ಕೆಳಮಿತಿ ಗಟ್ಟಿಯಾಗುತ್ತದೆ: 14 ಸಾವಿರ ವರ್ಷಗಳ ಹಿಂದೆ ನಾಯಿ ನಾಯಿಯಾಗಿತ್ತು. ಇದಕ್ಕೆ 2020ರ ಅಧ್ಯಯನವೊಂದು ಬಲ ಕೊಟ್ಟಿತು. 27 ಪುರಾತನ ನಾಯಿಗಳ ಜೀನೋಮ್‌ಗಳನ್ನು ಓದಿದಾಗ, ಹನ್ನೊಂದು ಸಾವಿರ ವರ್ಷಗಳ ಹಿಂದೆಯೇ ಕನಿಷ್ಠ ಐದು ಬೇರೆ ಬೇರೆ ನಾಯಿವಂಶಗಳು ಹರಡಿದ್ದವೆಂದೂ, ಅವೆಲ್ಲಕ್ಕೂ ಮೂಲ ಒಂದೇ ಎಂದೂ ತಿಳಿಯಿತು. ಒಂದು ಮೂಲ ಐದಾಗಿ ಕವಲೊಡೆದು ಆರ್ಕ್ಟಿಕ್‌ನಿಂದ ಮಧ್ಯಪ್ರಾಚ್ಯದವರೆಗೆ ಹರಡಬೇಕಾದರೆ ಹಿಂದೆ ಕೆಲವು ಸಾವಿರ ವರ್ಷಗಳಾದರೂ ಬೇಕು.

ಎಲ್ಲಿ ಎಂಬ ಪ್ರಶ್ನೆಗೆ ಇದುವರೆಗಿನ ಅತ್ಯುತ್ತಮ ಉತ್ತರ ಬಂದದ್ದು 2022ರಲ್ಲಿ. ಕಳೆದ ಒಂದು ಲಕ್ಷ ವರ್ಷಗಳಲ್ಲಿ ಯುರೋಪ್, ಸೈಬೀರಿಯಾ, ಉತ್ತರ ಅಮೆರಿಕಗಳಲ್ಲಿ ಬಾಳಿದ 72 ತೋಳಗಳ ಜೀನೋಮ್‌ಗಳನ್ನು ಓದಿದ ಆಂಡರ್ಸ್ ಬರ್ಗ್‌ಸ್ಟ್ರೋಮ್, ಪೊಂಟಸ್ ಸ್ಕೊಗ್ಲಂಡ್ ಮತ್ತು ಸಂಗಡಿಗರು ನಾಯಿಗಳು ಪಶ್ಚಿಮ ಯುರೇಷ್ಯಾದ ಪುರಾತನ ತೋಳಗಳಿಗಿಂತ ಪೂರ್ವದವಕ್ಕೆ ಹತ್ತಿರ ಎಂದು ತೋರಿಸಿದರು. ಯುರೋಪಿನ ಹಕ್ಕುದಾವೆ ಇದರಿಂದ ದುರ್ಬಲವಾಯಿತು. ಆದರೆ ಕಥೆ ಅಷ್ಟಕ್ಕೇ ನಿಲ್ಲಲಿಲ್ಲ. ಮಧ್ಯಪ್ರಾಚ್ಯ ಮತ್ತು ಆಫ್ರಿಕಾದ ನಾಯಿಗಳಲ್ಲಿ ಅರ್ಧದವರೆಗೂ ಪಶ್ಚಿಮದ ತೋಳಗಳಿಗೆ ಸಂಬಂಧಿಸಿದ ಇನ್ನೊಂದು ಮೂಲದ ಅಂಶ ಸಿಕ್ಕಿತು. ಐರ್ಲೆಂಡಿನ ನ್ಯೂಗ್ರೇಂಜ್‌ನಲ್ಲಿ ಸಿಕ್ಕ 4,800 ವರ್ಷ ಹಳೆಯ ನಾಯಿಯ ಆಧಾರದ ಮೇಲೆ 2016ರಲ್ಲಿ ಎರಡು ತವರುಗಳ ವಾದ ಮಂಡಿಸಿದವರಿಗೆ ಇದು ಗೆಲುವಿನಂತೆ ಕಾಣಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಎರಡನೆಯ ಅಂಶ ಪ್ರತ್ಯೇಕವಾಗಿ ಪಳಗಿದ ತೋಳಗಳಿಂದ ಬಂದಿರಬಹುದು. ಪೂರ್ವದಿಂದ ಬಂದ ನಾಯಿಗಳು ಪಶ್ಚಿಮದ ಕಾಡುತೋಳಗಳೊಂದಿಗೆ ಬೆರೆತದ್ದರಿಂದಲೂ ಬಂದಿರಬಹುದು. ಎರಡನೆಯ ವಿವರಣೆಗೆ ಹೊಸದಾಗಿ ಏನನ್ನೂ ಊಹಿಸಬೇಕಿಲ್ಲ, ಏಕೆಂದರೆ ಅಂಥ ಬೆರಕೆ ಚರಿತ್ರೆಯುದ್ದಕ್ಕೂ ಆಗಿದೆ. ಮೊದಲನೆಯದಕ್ಕೆ, ಪೂರ್ವದ ಅಂಶ ಒಂದಿಷ್ಟೂ ಇಲ್ಲದ ಶುದ್ಧ ಪಶ್ಚಿಮ ಮೂಲದ ನಾಯಿಯೊಂದು ಯಾವುದಾದರೂ ಹಳೆಯ ನೆಲೆಯಲ್ಲಿ ಸಿಗಬೇಕು. ಅಂಥದು ಸಿಕ್ಕಿಲ್ಲ. ಪೂರ್ವವೆಂಬುದೂ ಸದ್ಯಕ್ಕೆ ದಿಕ್ಕು ಮಾತ್ರ, ವಿಳಾಸವಲ್ಲ. ಆ 72 ತೋಳಗಳಲ್ಲಿ ಯಾವುದೂ ನಾಯಿಯ ನೇರ ಪೂರ್ವಜನಲ್ಲ. ಹೆಪ್ಪುಗಟ್ಟಿದ ನೆಲ ಡಿಎನ್‌ಎಯನ್ನು ಕಾಪಾಡುವುದರಿಂದ ಸೈಬೀರಿಯಾದ ಮಾದರಿಗಳು ಹೆಚ್ಚು, ಬಿಸಿನಾಡುಗಳವು ಇಲ್ಲವೆನ್ನುವಷ್ಟು ಕಡಿಮೆ. ಸುಮಾರು 23 ಸಾವಿರ ವರ್ಷಗಳ ಹಿಂದೆ, ಹಿಮಯುಗದ ಅತಿ ಕಠಿಣ ಘಟ್ಟದಲ್ಲಿ ಸೈಬೀರಿಯಾದಲ್ಲಿ ಸಿಕ್ಕಿಕೊಂಡ ಜನ ಮತ್ತು ತೋಳಗಳ ನಡುವೆ ನಂಟು ಬೆಳೆಯಿತು, ಅವರೊಂದಿಗೇ ನಾಯಿ ಅಮೆರಿಕಕ್ಕೂ ಹೋಯಿತು ಎಂಬ 2021ರ ವಾದ ಮನುಷ್ಯವಂಶಗಳ ಕವಲುಗಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಆ ಕಾಲದ ನಾಯಿಯೇ ಸೈಬೀರಿಯಾದಲ್ಲಿ ಸಿಗುವವರೆಗೆ ಅದು ಒಳ್ಳೆಯ ಊಹೆಯಾಗಿಯೇ ಉಳಿಯುತ್ತದೆ. 1905ರಲ್ಲಿ ಕೊನೆಯದಾಗಿ ದಾಖಲಾಗಿ ಅಳಿದ ಜಪಾನಿನ ತೋಳವೇ ತಿಳಿದಿರುವ ತೋಳಗಳಲ್ಲೆಲ್ಲ ನಾಯಿಗೆ ಅತಿ ಸಮೀಪದ ಕುಲ ಎಂಬ 2024ರ ಫಲಿತಾಂಶವೂ ಸೂಜಿಯನ್ನು ಪೂರ್ವಕ್ಕೇ ತಿರುಗಿಸುತ್ತದೆ.

ಈ ವ್ಯಾಜ್ಯದಲ್ಲಿ ನಮ್ಮ ತೋಳದ ಪಾತ್ರವೇನು? ಕೊಪ್ಪಳದಿಂದ ತುಮಕೂರಿನವರೆಗೆ ಬಯಲುಸೀಮೆಯ ಕುರುಚಲು ಕಾಡುಗಳಲ್ಲಿ ಕುರಿಗಾಹಿಗಳ ಹಿಂಡುಗಳ ಸುತ್ತ ಸುಳಿಯುವ, ಸಪೂರ ಮೈಯ, ಚಿಕ್ಕ ಗಾತ್ರದ ಭಾರತೀಯ ತೋಳವನ್ನೂ ಊರ ನಾಯಿಯನ್ನೂ ಪಕ್ಕಪಕ್ಕದಲ್ಲಿ ನೋಡಿದವರು ಒಂದರಿಂದ ಇನ್ನೊಂದು ಬಂದಿರಬೇಕೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಜೀನ್‌ಗಳು ಒಪ್ಪುವುದಿಲ್ಲ. ಭಾರತೀಯ ತೋಳದ ಮತ್ತು ಹಿಮಾಲಯದ ತೋಳದ ಮೈಟೊಕಾಂಡ್ರಿಯ ವಂಶಗಳು ನಾಯಿಗಳಲ್ಲಿ ಕಾಣಸಿಗುವುದಿಲ್ಲವೆಂದು 2004ರಲ್ಲೇ ತಿಳಿದಿತ್ತು. ಭಾರತೀಯ ತೋಳ ಬೂದು ತೋಳಗಳ ಅತಿ ಪ್ರಾಚೀನ ಕವಲುಗಳಲ್ಲಿ ಒಂದು ಎಂದು 2021ರ ಜೀನೋಮ್ ಅಧ್ಯಯನ ತೋರಿಸಿತು. ನಾಯಿಯನ್ನು ಕೊಟ್ಟ ಕವಲು ರೂಪುಗೊಳ್ಳುವ ಎಷ್ಟೋ ಮೊದಲೇ ಇದು ತನ್ನ ದಾರಿ ಹಿಡಿದಿತ್ತು. ಹಾಗಾಗಿ ನಮ್ಮ ಬೀದಿನಾಯಿಯಾಗಲಿ ಮುಧೋಳವಾಗಲಿ ಇಲ್ಲಿನ ತೋಳ ಇಲ್ಲೇ ಪಳಗಿ ಆದದ್ದಲ್ಲ. ಅವುಗಳ ಪೂರ್ವಜರು ಬೇರೆಡೆಯಿಂದ ಮನುಷ್ಯರ ಜೊತೆ ನಡೆದು ಬಂದವರು. ರೂಪದ ಹೋಲಿಕೆ ವಂಶದ ಪುರಾವೆಯಲ್ಲ ಎಂಬ ಪಾಠ ಗೊಯೆ ಬುರುಡೆಗೆ ಎಷ್ಟು ಸಲ್ಲುತ್ತದೆಯೋ ನಮ್ಮ ಬಯಲಿಗೂ ಅಷ್ಟೇ ಸಲ್ಲುತ್ತದೆ.

ಹೇಗೆ ಎಂಬ ಪ್ರಶ್ನೆಗೆ ಬಹುಕಾಲ ಜನಪ್ರಿಯವಾಗಿದ್ದ ಉತ್ತರ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿಯದು. ಹಳ್ಳಿಗಳು ಹುಟ್ಟಿದವು, ತಿಪ್ಪೆಗಳಾದವು, ಮನುಷ್ಯರಿಗೆ ಕಡಿಮೆ ಹೆದರುವ ತೋಳಗಳು ತಿಪ್ಪೆಯಲ್ಲಿ ತಿಂದು ಹೆಚ್ಚು ಮರಿ ಹಾಕಿದವು, ಹೀಗೆ ತೋಳ ತನ್ನನ್ನು ತಾನೇ ಪಳಗಿಸಿಕೊಂಡಿತು ಎಂಬುದು ಅವರ ಮಾತು. 2013ರಲ್ಲಿ ನಾಯಿಗಳಲ್ಲಿ ಪಿಷ್ಟವನ್ನು ಜೀರ್ಣಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ಬಹಳ ಹೆಚ್ಚಿವೆ ಎಂದು ಗೊತ್ತಾದಾಗ ಇದಕ್ಕೆ ಪುಷ್ಟಿ ಸಿಕ್ಕಂತಾಯಿತು. ತೋಳದಲ್ಲಿ ಎರಡು ಪ್ರತಿಗಳಿದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇವೆ. ಆದರೆ ಕಾಲ ಹೊಂದುವುದಿಲ್ಲ. ಓಬರ್‌ಕಾಸೆಲ್‌ನ ಮರಿ ಬದುಕಿದ್ದಾಗ ಯುರೋಪಿನಲ್ಲಿ ಹೊಲವಿರಲಿಲ್ಲ, ಹಳ್ಳಿಯೂ ಇರಲಿಲ್ಲ. ಪುರಾತನ ನಾಯಿಗಳ ಡಿಎನ್‌ಎ ನೋಡಿದರೆ ಆ ಜೀನಿನ ಪ್ರತಿಗಳು ಹೆಚ್ಚಿದ್ದು ಬೇಸಾಯ ಹರಡಿದ ಮೇಲೆಯೇ. ಅಂದರೆ ನಾಯಿ ಅನ್ನಕ್ಕೆ ಒಗ್ಗಿಕೊಂಡದ್ದು ನಾಯಿಯಾದ ಬಳಿಕ. ಹಾಗೆಂದು ಕಾಪಿಂಜರ್ ವಾದದ ತಿರುಳನ್ನು ಪೂರ್ತಿ ಎಸೆಯಬೇಕಿಲ್ಲ. ತಿಪ್ಪೆಯ ಜಾಗದಲ್ಲಿ ಬೇಟೆಯ ಉಳಿಕೆಯನ್ನು ಇಟ್ಟು ನೋಡಬಹುದು. ಹಿಮಯುಗದ ಚಳಿಗಾಲದಲ್ಲಿ ಬೇಟೆಯ ಪ್ರಾಣಿಗಳು ಕೊಬ್ಬಿಲ್ಲದೆ ಬಡಕಲಾಗಿರುತ್ತಿದ್ದವು, ಬರೀ ಒಣಮಾಂಸವನ್ನು ಮಿತಿಮೀರಿ ತಿಂದು ಮನುಷ್ಯ ಬದುಕಲಾರ, ಆ ಹೆಚ್ಚುವರಿ ತೋಳಗಳಿಗೆ ಸಲ್ಲುತ್ತಿತ್ತು ಎಂದು ಮಾರಿಯಾ ಲಾಹ್ಟಿನೆನ್ ಮತ್ತು ಸಂಗಡಿಗರು 2021ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮನುಷ್ಯರೇ ಮರಿಗಳನ್ನು ಹಿಡಿದು ತಂದು ಸಾಕಿದರು ಎಂಬ ಇನ್ನೊಂದು ಪಕ್ಷಕ್ಕಿರುವ ದೊಡ್ಡ ತೊಡಕೆಂದರೆ, ಕೈಯಲ್ಲಿ ಸಾಕಿದ ತೋಳ ಪಳಗಿದರೂ ಅದರ ಮರಿ ಮತ್ತೆ ತೋಳವೇ. ಬಾಲ್ಟಿಕ್ ಸಮುದ್ರದ ಪುಟ್ಟ ದ್ವೀಪ ಸ್ಟೋರಾ ಕಾರ್ಲ್‌ಸೋದಲ್ಲಿ ಮೂರರಿಂದ ಐದು ಸಾವಿರ ವರ್ಷಗಳ ಹಿಂದಿನ ತೋಳಗಳ ಮೂಳೆ ಸಿಕ್ಕಿವೆ. ದೋಣಿಯಲ್ಲಿ ಮನುಷ್ಯರು ಒಯ್ಯದೆ ಅವು ಅಲ್ಲಿಗೆ ತಲುಪುವುದು ಕಷ್ಟ. ತಿಂದದ್ದು ಸೀಲ್, ಮೀನು. ಆದರೂ ಜೀನೋಮ್ ಮಾತ್ರ ಪಕ್ಕಾ ತೋಳದ್ದು. ಸಾಕುವುದೇ ಪಳಗಿಸುವುದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಮನುಷ್ಯರ ನೆರೆಯಲ್ಲೇ ಮರಿ ಹಾಕುವ, ಕಾಡಿನ ಬಳಗದಿಂದ ಬೇರ್ಪಟ್ಟ ಗುಂಪೊಂದು ತಲೆಮಾರುಗಳ ಕಾಲ ನಿಲ್ಲಬೇಕು. ಉಳಿಕೆ ಮಾಂಸ ಅಂಥ ಗುಂಪನ್ನು ಹತ್ತಿರ ತಂದಿರಬಹುದು. ಮರಿ ಸಾಕುವ ಅಭ್ಯಾಸ ಆ ನಂಟನ್ನು ಬಿಗಿಗೊಳಿಸಿರಬಹುದು.

ಅಂಥ ಬದಲಾವಣೆ ಎಷ್ಟು ಬೇಗ ಆಗಬಲ್ಲದು ಎನ್ನುವುದಕ್ಕೆ ಎಲ್ಲರೂ ಉದಾಹರಿಸುವುದು ಡಿಮಿಟ್ರಿ ಬೆಲ್ಯಾಯೆವ್ 1959ರಲ್ಲಿ ನೊವೊಸಿಬಿರ್ಸ್ಕ್‌ನಲ್ಲಿ ಆರಂಭಿಸಿ, ಮುಂದೆ ಲ್ಯುದ್ಮಿಲಾ ತ್ರುತ್ ಮುನ್ನಡೆಸಿದ ಪ್ರಯೋಗವನ್ನು. ತುಪ್ಪಳಕ್ಕೆಂದು ಸಾಕಿದ ಬೆಳ್ಳಿನರಿಗಳಲ್ಲಿ ಸಾಧುವಾದವನ್ನಷ್ಟೇ ಆರಿಸಿ ಮರಿ ಹಾಕಿಸಿದಾಗ ಕೆಲವೇ ಪೀಳಿಗೆಗಳಲ್ಲಿ ಬಾಲ ಆಡಿಸುವ, ಕೈ ನೆಕ್ಕುವ ನರಿಗಳು ಹುಟ್ಟಿದವು. ಈ ಸಾಕ್ಷ್ಯವನ್ನು ಅಳೆದು ಬಳಸಬೇಕು. ಆ ನರಿಗಳು ಕಾಡಿನಿಂದ ನೇರವಾಗಿ ಬಂದವಲ್ಲ, ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಸಾಕಣೆ ಕೇಂದ್ರಗಳಲ್ಲಿ ಅದಾಗಲೇ ತಲೆಮಾರುಗಳ ಕಾಲ ಬೆಳೆದವುಗಳ ಸಂತತಿ ಎಂದು 2019ರಲ್ಲಿ ಕ್ಯಾಥರಿನ್ ಲಾರ್ಡ್ ಮತ್ತಿತರರು ನೆನಪಿಸಿದರು. ಅಲ್ಲದೆ ಆ ಪ್ರಯೋಗದಲ್ಲಿ ಆಯ್ಕೆ ಮಾಡಿದ್ದು ಗುರಿ ಗೊತ್ತಿದ್ದ ವಿಜ್ಞಾನಿಗಳು. ಹಿಮಯುಗದ ಬೇಟೆಗಾರರಿಗೆ ಅಂಥ ಗುರಿಯೂ ಇರಲಿಲ್ಲ, ಪಂಜರಗಳೂ ಇರಲಿಲ್ಲ. ಪ್ರಯೋಗ ತೋರಿಸುವುದು ಇಷ್ಟನ್ನು: ಸಾಧುತನಕ್ಕೆ ಬೇಕಾದ ವ್ಯತ್ಯಾಸ ಕಾಡುಪ್ರಾಣಿಯ ರಕ್ತದಲ್ಲೇ ಹುದುಗಿರುತ್ತದೆ. ತೋಳಗಳಲ್ಲೂ ಅದಿದೆ. ಸ್ಟಾಕ್‌ಹೋಮ್‌ನಲ್ಲಿ ಕೈಯಲ್ಲಿ ಬೆಳೆಸಿದ 13 ತೋಳದ ಮರಿಗಳಲ್ಲಿ ಮೂರು, ಯಾರೂ ಕಲಿಸದೆಯೇ, ಅಪರಿಚಿತರು ಎಸೆದ ಚೆಂಡನ್ನು ಹೆಕ್ಕಿ ತಂದುಕೊಟ್ಟವು ಎಂದು 2020ರಲ್ಲಿ ವರದಿಯಾಯಿತು. ಮನುಷ್ಯನ ಸನ್ನೆಗೆ ಓಗೊಡುವ ಗುಣವನ್ನು ಮನುಷ್ಯ ಹೊಸದಾಗಿ ಸೃಷ್ಟಿಸಬೇಕಾಗಿರಲಿಲ್ಲ. ಅದಿದ್ದ ಪ್ರಾಣಿಗಳಿಗೆ ಬದುಕು ಸಲೀಸಾಗಿದ್ದರೆ ಸಾಕಿತ್ತು.

ಎಲ್ಲವನ್ನೂ ಕೂಡಿಸಿದರೆ ಸಿಗುವ ಚಿತ್ರ ಹೀಗಿದೆ. ನಲವತ್ತು ಸಾವಿರ ವರ್ಷಗಳಿಂದ ಈಚೆಗೆ ಯುರೇಷ್ಯಾದ ತೋಳಗಳಲ್ಲಿ ಒಂದು ಕವಲು ಬೇರೆಯಾಯಿತು. ಹದಿನೈದು ಸಾವಿರ ವರ್ಷಗಳಿಗೂ ಮುನ್ನ, ಬಹುಶಃ ಇಪ್ಪತ್ತರ ಆಸುಪಾಸಿನಲ್ಲಿ, ಖಂಡದ ಪೂರ್ವ ಭಾಗದಲ್ಲಿ, ಅಲೆಮಾರಿ ಬೇಟೆಗಾರರ ನೆರೆಯಲ್ಲಿ ಆ ಕವಲು ನಾಯಿಯಾಯಿತು. ಅದು ಪಶ್ಚಿಮಕ್ಕೆ ಹರಡಿದಾಗ ಅಲ್ಲಿನ ತೋಳದ ರಕ್ತವೂ ಸೇರಿತು. ಬುರುಡೆಯ ಆಕಾರ ಬದಲಾದದ್ದು ಹಿಮಯುಗ ಮುಗಿಯುವ ವೇಳೆಗೆ, ಅನ್ನಕ್ಕೆ ಒಗ್ಗಿದ್ದು ಬೇಸಾಯದ ನಂತರ, ಇಂದಿನ ಹೆಚ್ಚಿನ ತಳಿಗಳು ರೂಪುಗೊಂಡದ್ದು ಕಳೆದ ಇನ್ನೂರು ವರ್ಷಗಳಲ್ಲಿ. ಇದನ್ನು ಬುಡಮೇಲು ಮಾಡಬಲ್ಲ ಶೋಧಗಳು ಯಾವುವು ಎಂಬುದನ್ನೂ ಸ್ಪಷ್ಟವಾಗಿ ಹೇಳಬಹುದು. ಮೂವತ್ತು ಸಾವಿರ ವರ್ಷ ಹಳೆಯ, ಇಂದಿನ ನಾಯಿಗಳಿಗೇ ನೇರ ಪೂರ್ವಜನಾದ ಪ್ರಾಣಿ ಮನುಷ್ಯರ ನೆಲೆಯಲ್ಲಿ ಸಿಕ್ಕರೆ ಕಾಲದ ಲೆಕ್ಕ ಬಿದ್ದುಹೋಗುತ್ತದೆ. ಪೂರ್ವದ ಅಂಶವಿಲ್ಲದ ಹಳೆಯ ನಾಯಿಯೊಂದು ಪಶ್ಚಿಮದಲ್ಲಿ ಸಿಕ್ಕರೆ ಒಂದೇ ಮೂಲದ ವಾದ ಬೀಳುತ್ತದೆ. ಅದುವರೆಗೆ ಈ ಚಿತ್ರವನ್ನು ನಂಬಲು ಕಾರಣಗಳಿವೆ, ಮತ್ತು ಅದರಿಂದ ಬರುವ ದೊಡ್ಡ ತೀರ್ಮಾನವೊಂದಿದೆ. ಹೊಲ, ಹಟ್ಟಿ, ಊರು, ಒಡೆತನ ಇವೆಲ್ಲ ಬಂದ ಮೇಲೆ ಮನುಷ್ಯ ಪ್ರಾಣಿಗಳನ್ನು ಪಳಗಿಸಿದ ಎಂದು ನಾವು ಕಲಿತ ಚರಿತ್ರೆ ಕುರಿ, ದನಗಳಿಗೆ ಸರಿ. ನಾಯಿ ಅವೆಲ್ಲಕ್ಕೂ ಸಾವಿರಾರು ವರ್ಷ ಮೊದಲೇ ಬಂದಿತ್ತು. ಆದ್ದರಿಂದ ಮೊದಲ ಸಾಕುಪ್ರಾಣಿ ಮನುಷ್ಯನ ಯೋಜನೆಯ ಫಲವಲ್ಲ. ಯಾರ ಯೋಜನೆಯೂ ಇಲ್ಲದೆ, ಎರಡು ಬೇಟೆಗಾರ ಪ್ರಾಣಿಗಳ ಲಾಭ ಒಂದೆಡೆ ಕೂಡಿದಾಗ ತಲೆಮಾರುಗಳ ಆಯ್ಕೆಯಿಂದ ಆದದ್ದು. ಅದಕ್ಕೆ ಒಂದು ಊರು, ಒಂದು ದಿನ, ಒಬ್ಬ ಪಳಗಿಸಿದವನನ್ನು ಹುಡುಕುತ್ತ ಹೋದಷ್ಟು ದಿನವೂ ಈ ವ್ಯಾಜ್ಯಕ್ಕೆ ತೀರ್ಪು ಸಿಗುವುದಿಲ್ಲ.